ಚಂದ್ರವಳ್ಳಿಯಿಂದ ದಾವಣಗೆರೆಗೆ ಮಣ್ಣಿನ ಜಾಡು ಹಿಡಿದು

ಚಿತ್ರದುರ್ಗಕ್ಕೆ ಹೋದವರು ಕೋಟೆಯ ಬಂಡೆಗಳನ್ನು ಕಂಡು ಬೆರಗಾಗಿ ಮರಳುವುದು ವಾಡಿಕೆ. ಈ ಬೇಸಿಗೆಯಲ್ಲಿ ನಾವು ಹೊರಟದ್ದು ಮಣ್ಣು ನೋಡುವುದಕ್ಕೆ. ಹಾಗಾಗಿ ಮೊದಲು ಚಂದ್ರವಳ್ಳಿಗೆ ನಡೆದೆವು. 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ಇಲ್ಲಿ ಕಾವಿ ಲೇಪದ, ಬಿಳಿ ಗೆರೆಗಳ ಚಿತ್ತಾರವುಳ್ಳ ಶಾತವಾಹನರ ಕಾಲದ ಮಡಕೆ ಚೂರುಗಳು ದೊರೆತಿದ್ದವು. ಜೇಡಿಮಣ್ಣು ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವು ಕಂಡರೆ ಅದರ ಹರಳುಗಳೊಳಗೆ ಬೆಸೆದುಕೊಂಡಿರುವ ನೀರೂ ಹೊರಟುಹೋಗುತ್ತದೆ. ಆಮೇಲೆ ಎಷ್ಟು ನೆನೆಸಿದರೂ ಅದು ಕೆಸರಾಗದು. ಎರಡು ಸಾವಿರ ವರ್ಷ ಮಳೆಗಾಲಗಳನ್ನು ಆ ಚೂರುಗಳು ತಾಳಿಕೊಂಡದ್ದರ ಗುಟ್ಟು ಇಷ್ಟೇ.

ಭರಮಸಾಗರದ ಕಡೆಯ ಒಂದು ಊರಿನಲ್ಲಿ ಹಿರಿಯ ಕುಂಬಾರರೊಬ್ಬರು ತಿಗರಿಯಿಂದ ಇಳಿಸಿದ ಹರವಿಯ ಒಳಗೆ ಉರುಟು ಕಲ್ಲನ್ನು ಒತ್ತಿಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತ, ಗೋಡೆಯನ್ನು ಬೆರಳಿನಷ್ಟು ದಪ್ಪದಿಂದ ತೆಳುವಾಗಿಸುತ್ತಿದ್ದರು. ಕೆರೆಯ ಗೋಡುಮಣ್ಣಿಗೆ ನಯವಾದ ಮರಳು, ಬೂದಿ ಬೆರೆಸುತ್ತಾರಂತೆ. ಬರೀ ಎರೆಮಣ್ಣು ಏಕಾಗದೆಂದು ಕೇಳಿದಾಗ, "ಒಣಗೋವಾಗಲೇ ಬಿರಿದು ಹೋಗ್ತದೆ" ಎಂದರು.

ಅದೇ ಊರಿನ ಹಳೆಯ ಮಾಳಿಗೆ ಮನೆಯೊಂದರ ಮೇಲೆ ಹತ್ತಿದೆವು. ನನ್ನ ಮಟ್ಟಿಗೆ ಇಡೀ ಪ್ರವಾಸದ ಸಾರ್ಥಕ್ಯ ಅಲ್ಲಿಯೇ ಇತ್ತು. ತೊಲೆ, ಜಂತೆ, ಸೊಪ್ಪುಸದೆಗಳ ಮೇಲೆ ಮಣ್ಣು ಹರಡಿ, ಎಲ್ಲಕ್ಕಿಂತ ಮೇಲೆ ಚೌಳುಮಣ್ಣನ್ನು ಬಡಿದು ಕೂರಿಸಿದ್ದರು. ಬೆಳೆಗೆ ಶತ್ರುವಾದ ಈ ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ಬಿದ್ದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಂದುಗಳಲ್ಲಿ ಕೂತು ದಾರಿ ಮುಚ್ಚುವುದರಿಂದ ಮಳೆ ಒಳಗಿಳಿಯುವುದಿಲ್ಲ. ಹೊಲದಲ್ಲಿ ಬೇರಿಗೆ ನೀರು, ಗಾಳಿ ದಕ್ಕದಂತೆ ಮಾಡುವುದೂ ಇದೇ ಗುಣ. ಮಳೆಗಾಲಕ್ಕೆ ಮುನ್ನ ಹೊಸ ಮಣ್ಣು ಹಾಕುವ ಕೆಲಸವನ್ನು ತಪ್ಪಿಸುವಂತಿಲ್ಲವೆಂದು ಮನೆಯೊಡತಿ ಹೇಳಿದರು.

ದಾವಣಗೆರೆಯತ್ತ ಸಾಗಿದಂತೆ ಎರೆಹೊಲಗಳು ಎದುರಾದವು. ಬಿರುಕೊಂದರಲ್ಲಿ ನನ್ನ ಕೈ ಮುಂಗೈವರೆಗೆ ಇಳಿಯಿತು. ದಾವಣಗೆರೆಯ ಗಿರಣಿಗಳಿಗೆ ಹತ್ತಿ ಒದಗಿಸಿದ ಈ ಮಣ್ಣು, ನೀರು ಕುಡಿದು ಉಬ್ಬುವ ಮಾಂಟ್ಮೊರಿಲೊನೈಟ್ ಖನಿಜದಿಂದಾಗಿ ಮನೆಗಳ ಗೋಡೆಯನ್ನೂ ಸೀಳುತ್ತದೆ. ನಗರದ ಉಪಾಹಾರ ಮಂದಿರದಲ್ಲಿ ಕಾಫಿ ಬಂದದ್ದು ಪಿಂಗಾಣಿ ಬಟ್ಟಲಿನಲ್ಲಿ. ಅದರ ಮೂಲವಾದ ಕೆಯೋಲಿನ್ ಎಂಬ ಜೇಡಿಮಣ್ಣಿನಲ್ಲಿ ಕಬ್ಬಿಣದ ಅಂಶ ತೀರ ಕಡಿಮೆ, ಆದ್ದರಿಂದಲೇ ಸುಟ್ಟರೂ ಬಿಳಿ. ನುಣುಪು ಕಾಗದಕ್ಕೆ ಬಳಿಯುವುದೂ ಅದನ್ನೇ.

ಹೊರವಲಯದ ಕಟ್ಟಡವೊಂದರ ಬುನಾದಿಗೆ ಆಳವಾದ ಗುಂಡಿ ಕೊರೆಯುತ್ತಿದ್ದರು. ಗುಂಡಿಯ ಬದಿ ಕುಸಿಯದಂತೆ ಅದರೊಳಗೆ ಬೆಂಟೊನೈಟ್ ಎಂಬ ಜೇಡಿಮಣ್ಣಿನ ಪುಡಿ ಕಲಸಿದ ನೀರನ್ನು ತುಂಬಿದ್ದರು. ನೀರಿನಲ್ಲಿ ಕಲಸಿದರೆ, ಕಲಕಿದಾಗ ಹರಿಯುವ, ಸುಮ್ಮನೆ ಬಿಟ್ಟರೆ ಗಂಜಿಯಂತೆ ಗಟ್ಟಿಯಾಗುವ ಈ ಪುಡಿಯೂ ಎರೆಯ ಬಳಗದ್ದೇ, ಖನಿಜವೂ ಅದೇ ಮಾಂಟ್ಮೊರಿಲೊನೈಟ್. ಆದರೆ ಎರೆಯಲ್ಲಿ ಮರಳು, ಸುಣ್ಣದ ಹರಳು ಬೆರೆತಿರುವುದರಿಂದ ಅದು ಈ ಕೆಲಸಕ್ಕೆ ಒದಗದು. ಗುಜರಾತಿನ ಕಛ್‌ನಿಂದ ಲಾರಿಯಲ್ಲಿ ಚೀಲಗಳನ್ನು ತರಿಸಿದ್ದಾಗಿ ಅಲ್ಲಿನ ಎಂಜಿನಿಯರ್ ತಿಳಿಸಿದರು.