ಕಬ್ಬು ಕಡಿಯೋ ಮಚ್ಚು: ಬಾಯಿಯ ಇಂಗಾಲ ಉಳಿಸೋ ಕೆಲಸ

ಹಳೇ ಲಾರಿ ಸ್ಪ್ರಿಂಗ್ ಪಟ್ಟಿಯಿಂದ ಕಬ್ಬಿನ ಮಚ್ಚು ಮಾಡೋ ಕೆಲಸ ಹದ ಹಾಕೋವರೆಗೂ, ಅಂದರೆ ಕಾಸಿ ತಟ್ಟನೆ ತಣಿಸಿ ಗಟ್ಟಿ ಮಾಡೋವರೆಗೂ ಬಂದಿದೆ. ಹದ ಹಾಕಿದ ಅಲಗಿಗೆ ಅರ (ಫೈಲು) ಎಳೆದರೆ ಮೊದಲು ಕಚ್ಚಿ ಪುಡಿ ಉದುರುತ್ತೆ, ಸ್ವಲ್ಪ ಒಳಗೆ ಹೋದ ಮೇಲೆ ಗಾಜಿನ ಮೇಲೆ ಎಳೆದ ಹಾಗೆ ಜಾರುತ್ತೆ. ಇಂಥ ಅಲಗು ಕಂಡರೆ ಮಂಡ್ಯದ ಕಡೆ ‘ಹದ ಹತ್ತಿಲ್ಲ’ ಅಂತ ಮತ್ತೆ ಕಾಸೋರೇ ಹೆಚ್ಚು. ಆದರೆ ಒಳಗೆ ಹದ ಹತ್ತಿರುತ್ತೆ, ಕಾವಿಗೆ ಇಂಗಾಲ ಕಳೆದುಕೊಂಡ ಮೇಲಿನ ಪದರ ಮಾತ್ರ ಮೆದು. ಕಾಸಿದಷ್ಟೂ ಆ ಮೆದು ಪದರ ಒಳಕ್ಕೆ ಇಳಿಯುತ್ತೆ.

ಬಡಿದು ಗಾಳಿಯಲ್ಲಿ ಆರಿಸಿದ್ದ ಒಂದು ಚೂರನ್ನು ಅಡ್ಡ ಕೊಯ್ದು, ಅಂಚು ಉರುಟಾಗದ ಹಾಗೆ ರೆಸಿನ್‌ನಲ್ಲಿ ಕೂರಿಸಿ, ಪಾಲಿಶ್ ಮಾಡಿ, 2% ನೈಟಾಲ್ (ನೈಟ್ರಿಕ್ ಆಮ್ಲ ಬೆರೆಸಿದ ಆಲ್ಕೋಹಾಲ್) ಹಚ್ಚಿ ಸೂಕ್ಷ್ಮದರ್ಶಕದಡಿ ಇಟ್ಟೆ. ನಡುವೆ ಎಲ್ಲ ಕಪ್ಪು ಪರ್ಲೈಟ್ (ಇಂಗಾಲ ಇರೋ ಗಟ್ಟಿ ಭಾಗ), ಕಣಗಳ ಗಡಿಯಲ್ಲಿ ಮಾತ್ರ ತೆಳು ಬಿಳಿ ಫೆರೈಟ್ (ಇಂಗಾಲ ಹೆಚ್ಚುಕಡಿಮೆ ಇಲ್ಲದ ಮೆದು ಕಬ್ಬಿಣ). ಅಂಚಿನ ಕಡೆ ಸರಿದಂತೆ ಬಿಳಿ ಅಗಲವಾಗುತ್ತಾ ಹೋಗುತ್ತೆ. ತುತ್ತತುದಿಯಲ್ಲಿ ಬರೀ ಬಿಳಿ ಕಣಗಳು, ಅಲ್ಲಿ ಪರ್ಲೈಟ್ ಹೆಸರಿಗೂ ಇಲ್ಲ.

ಸುಮಾರು 700 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೇಲ್ಮೈಯ ಇಂಗಾಲ ಆಮ್ಲಜನಕದ ಜೊತೆ ಸೇರಿ ಕಾರ್ಬನ್ ಮೊನಾಕ್ಸೈಡ್ ಆಗಿ ಹೊರಟುಹೋಗುತ್ತೆ. ಖಾಲಿಯಾದ ಜಾಗ ತುಂಬೋಕೆ ಒಳಗಿನ ಇಂಗಾಲ ಹೊರಗೆ ಸರಿಯುತ್ತೆ, ಅದೂ ಹೋಗುತ್ತೆ. 912 ಡಿಗ್ರಿಗಿಂತ ಮೇಲೆ ಇಂಗಾಲವಿಲ್ಲದ ಕಬ್ಬಿಣವೂ ಆಸ್ಟೆನೈಟೇ, ಅಂದರೆ ಇಂಗಾಲವನ್ನು ಚೆನ್ನಾಗಿ ಕರಗಿಸಿಕೊಳ್ಳೋ ಬಿಸಿ ರೂಪ. ಹಾಗಾಗಿ ಒಳಗಿಂದ ಅಂಚಿನ ಕಡೆಗೆ ಇಂಗಾಲ ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಗುತ್ತೆ, ಫೆರೈಟ್ ಹುಟ್ಟೋದು ಆರುವಾಗ. ಅದಕ್ಕಿಂತ ಕೆಳಗೆ, 727ರ ತನಕ, ಇಂಗಾಲ ಕಳೆದುಕೊಂಡ ಮೇಲ್ಮೈ ಕಾವಿನಲ್ಲೇ ಫೆರೈಟ್ ಆಗಿಬಿಡುತ್ತೆ. ಫೆರೈಟ್ ಹಿಡಿದಿಟ್ಟುಕೊಳ್ಳೋ ಇಂಗಾಲ ಹೆಚ್ಚೆಂದರೆ 0.02%, ಅದಕ್ಕೇ ಗಡಿ ಚೂಪಾಗಿ ಕಾಣುತ್ತೆ. (ಪಟ್ಟಿಯಲ್ಲಿ ಕ್ರೋಮಿಯಂ, ಮ್ಯಾಂಗನೀಸ್ ಇದ್ದರೆ ಈ ಅಂಕಿಗಳು ಸ್ವಲ್ಪ ಆಚೀಚೆ.) ನನ್ನ ಚೂರಿನಲ್ಲಿ ಎರಡೂ ಇವೆ: ಬಡಿಯೋ ಕಾವು ಬಿಟ್ಟುಹೋದ ಇಂಗಾಲದ ಇಳಿಜಾರು, ಕೊನೆಯ ಕಡಿಮೆ ಕಾವು ಬಿಟ್ಟ ಬಿಳಿ ಅಂಚು. ಕುಲುಮೆಯಲ್ಲಿ ಪಟ್ಟಿ ಪಟ್ಟ ಪಾಡೆಲ್ಲ ಅಲ್ಲೇ ಬರೆದಿದೆ. ಎಷ್ಟು ನೋಡಿದರೂ ಸಾಲಲಿಲ್ಲ.

ಮಚ್ಚಿಗೆ ಪೆಟ್ಟು ಬೀಳೋದು ಬಾಯಲ್ಲಿ. ಬಾಯನ್ನು ಮೊದಲೇ ತೆಳ್ಳಗೆ ಬಡಿದು ಹದ ಹಾಕಿದರೆ ಎರಡೂ ಕಡೆಯಿಂದ ಇಂಗಾಲ ಸೋರಿ, ನಡುವೆ ಗಟ್ಟಿ ಉಕ್ಕೇ ಉಳಿಯಲ್ಲ. ಎಷ್ಟು ಸಾಣೆ ಹಿಡಿದರೂ ಮಡಚಿಕೊಳ್ಳುತ್ತೆ.

ಹಿಂದೆ ಇದೇ ಮೈಸೂರು ಸೀಮೆಯಲ್ಲಿ ಕಬ್ಬಿಣದ ಜೊತೆ ಕಟ್ಟಿಗೆ, ಎಲೆ ಇಟ್ಟು ಮೂಸೆಯ ಬಾಯಿಗೆ ಮಣ್ಣು ಮೆತ್ತಿ ಉಕ್ಕು ಮಾಡ್ತಿದ್ದರು. ಗಾಳಿಯನ್ನು ಹೊರಗಿಟ್ಟು ಇಂಗಾಲವನ್ನು ಒಳಗೆ ಸೇರಿಸೋ ಆ ಜಾಣ್ಮೆ ನನಗೂ ಬೇಕು.

ಮುಂದಿನ ಪಟ್ಟಿಯ ಬಾಯನ್ನು ದಪ್ಪಗೇ ಬಿಟ್ಟು ಹದ ಹಾಕಿ, ಆಮೇಲೆ ಬಿಸಿಯಾಗದ ಹಾಗೆ ನೀರಿನಲ್ಲಿ ಅದ್ದುತ್ತಾ ಉಜ್ಜಿ ತೆಳ್ಳಗೆ ಮಾಡ್ತೀನಿ. ಕಾಸುವಾಗ ತಿದಿಯ ಗಾಳಿ ನೇರ ಬಡಿಯೋ ಕಡೆ ಇಡದೆ, ಮೇಲಿನ ಇದ್ದಿಲ ರಾಶಿಯಲ್ಲಿ ಹೂತಿಡ್ತೀನಿ. ಆ ಬಾಯಿಂದಲೂ ಒಂದು ಚೂರು ಕೊಯ್ದು ನೋಡೋದಿದೆ.