ಕೊಡಿಲ್ಲಿ, ನಾನ್ ಹಾಕ್ತೀನಿ

ಸೋಮವಾರ ಥೆರಪಿ ಕೋಣೆಯಲ್ಲಿ ಆರು ವರ್ಷದ ಹುಡುಗ ಯೂನಿಫಾರ್ಮ್ ಶರ್ಟಿನ ಗುಂಡಿ ಹಾಕಲು ಹೆಣಗುತ್ತಿದ್ದ. ಗುಂಡಿ ಕಾಜಾದಿಂದ ಅರ್ಧ ಇಣುಕಿತು, ಜಾರಿತು. ಮತ್ತೆ ಇಣುಕಿತು. ಅಷ್ಟರಲ್ಲಿ ಅಜ್ಜಿಯ ಕೈ ಬಂತು: "ಕೊಡಿಲ್ಲಿ ಪುಟ್ಟಾ, ನಾನ್ ಹಾಕ್ತೀನಿ." ನಾಲ್ಕು ಸೆಕೆಂಡೂ ಆಗಿರಲಿಲ್ಲ. ಹುಡುಗ ಎರಡೂ ಕೈ ಇಳಿಬಿಟ್ಟು ಎದೆ ಮುಂದೊಡ್ಡಿದ. ಗುಂಡಿ ಹಾಕಿಸಿಕೊಳ್ಳುವುದನ್ನು ಮಾತ್ರ ಎಷ್ಟು ಚೆನ್ನಾಗಿ ಕಲಿತಿದ್ದಾನೆ!

ಅಜ್ಜಿ ಒಳ್ಳೆಯವರೇ. ನಮ್ಮ ಓಟಿ ಅಂದರೆ ಆಕ್ಯುಪೇಷನಲ್ ಥೆರಪಿ, ದಿನನಿತ್ಯದ ಕೆಲಸಗಳನ್ನು ಕಲಿಸುವ ಚಿಕಿತ್ಸೆ; ಅವರು ಆಪರೇಷನ್ ಥಿಯೇಟರ್ ಅಂದುಕೊಂಡು ಮೊದಲ ದಿನ ದೇವರಿಗೆ ಹರಕೆ ಹೊತ್ತು ಬಂದಿದ್ದರು. ಸಿಟ್ಟು ಬರುವುದು ಶಾಲೆಯವರ ಮೇಲೆ. ಡೈರಿಯಲ್ಲಿ "ಸೋಮಾರಿ" ಅಂತ ಬರೆದು ಕಳಿಸಿದ್ದಾರೆ.

ಸೋಮಾರಿತನವಲ್ಲ ಅದು. ಅವನ ಕೈ ನೋಡಿದರೆ ಗೊತ್ತಾಗುತ್ತದೆ. ಬಲಗೈ ಗುಂಡಿಯನ್ನು ಒಳಗಿನಿಂದ ತೂರಿಸುತ್ತದೆ, ಎಡಗೈ ಅದನ್ನು ಹಿಡಿಯುವ ಮೊದಲೇ ಬಿಟ್ಟುಬಿಡುತ್ತದೆ. ಗುಂಡಿ ಜಾರುವುದು ಕೈ ಬದಲಾಗುವ ಆ ಒಂದು ಗಳಿಗೆಯಲ್ಲಿ. ಜತೆಗೆ ಹೊಸ ಯೂನಿಫಾರ್ಮು: ಕಾಜಾ ಬಿಗಿ, ಗುಂಡಿ ಒಂದೇ ಸೆಂಟಿಮೀಟರು, ನುಣುಪು. ಕುರ್ಚಿಯಲ್ಲಿ ಕಾಲು ಬೇರೆ ನೇತಾಡುತ್ತಿತ್ತು. ಪಾದ ಊರದಿದ್ದರೆ ಮೈ ಅಲುಗುತ್ತದೆ, ಬೆರಳಿಗೆ ಹಿಡಿತ ಸಿಗುವುದಿಲ್ಲ. ಕಾಲ ಕೆಳಗೆ ಒಂದು ಮಣೆ ಇಟ್ಟೆವು, ಅಷ್ಟೆ.

ಕಲಿಸುವುದು ಕೊನೆಯಿಂದ. ಇದಕ್ಕೆ ಬ್ಯಾಕ್‌ವರ್ಡ್ ಚೈನಿಂಗ್ ಅನ್ನುತ್ತಾರೆ. ದೊಡ್ಡವರು ಗುಂಡಿಯನ್ನು ಅರ್ಧ ಹೊರಗೆ ತಂದುಕೊಡಬೇಕು, ಮಗು ಎಳೆದು ಮುಗಿಸಬೇಕು. ಅದು ಸಲೀಸಾದ ಮೇಲೆ ತೂರಿಸುವುದು, ಆಮೇಲೆ ಕಾಜಾ ಹಿಡಿಯುವುದು. ಪ್ರತಿ ಸಲವೂ "ನಾನೇ ಹಾಕಿದೆ" ಅನ್ನುವಲ್ಲಿಗೆ ಮುಗಿಯುತ್ತದಲ್ಲ, ಮಗು ಮತ್ತೆ ಮುಟ್ಟಲು ಒಪ್ಪುವುದು ಅದಕ್ಕೇ. ಮೊದಲಿನಿಂದ ಕಲಿಸಲು ಹೊರಟರೆ ಎರಡನೇ ಹೆಜ್ಜೆಗೇ ಅಳು.

ಶುರುವಿಗೆ ಎರಡು ಸೆಂಟಿಮೀಟರ್ ಗುಂಡಿಯ ಹಳೇ ಸ್ವೆಟರ್ ಸಾಕು. ತೊಡೆಯ ಮೇಲೆ ಹಾಸುವುದಾದರೆ ಕಾಲರ್ ಮಗುವಿನ ಹೊಟ್ಟೆಯ ಕಡೆಗಿರಲಿ, ಮುಂಭಾಗ ಮೇಲಿರಲಿ. ತಿರುಗಿಸಿಟ್ಟರೆ ಎಡ ಬಲವಾಗುತ್ತದೆ, ತೊಟ್ಟಾಗ ಕಲಿತದ್ದು ಕೈಕೊಡುತ್ತದೆ... ಅಲ್ಲ, ಇದನ್ನು ಓದುವುದಕ್ಕಿಂತ ನಿಮ್ಮದೇ ಶರ್ಟು ಹಾಸಿ ನೋಡಿ. ಐಸ್‌ಕ್ರೀಂ ಡಬ್ಬಿಯ ಮುಚ್ಚಳದಲ್ಲಿ ಒಂದು ಸೀಳು ಮಾಡಿ ಗುಂಡಿ ತೂರಿಸುವ ಆಟವೂ ಒಳ್ಳೆಯದು. ಬೆರಳಿಗೆ ಬಲ ಬರಲು ದುಬಾರಿ ಥೆರಪಿ ಪುಟ್ಟಿ (ಹಿಸುಕಿ ನಾದುವ ಮೆತ್ತನೆಯ ಮುದ್ದೆ) ಬೇಡ, ಚಪಾತಿ ಹಿಟ್ಟು ನಾದಿದರಾಯಿತು.

ಬೆಳಿಗ್ಗೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುವಾಗ ಮಾತ್ರ ಇದೆಲ್ಲ ಬೇಡ. ಆಗ ಅಜ್ಜಿಯೇ ಹಾಕಲಿ. ಸಂಜೆ ಐದು ನಿಮಿಷ ಸಾಕು, ಆದರೆ ಆ ಐದು ನಿಮಿಷ ದೊಡ್ಡವರು ಮನಸ್ಸಲ್ಲೇ ಹತ್ತು ಎಣಿಸದೆ ಕೈ ಚಾಚಕೂಡದು. ಮಗು ಯೋಚಿಸುತ್ತಿರುವುದು ನೋಡುವವರಿಗೆ ಸುಮ್ಮನೆ ಕೂತಂತೆ ಕಾಣುತ್ತದೆ. ಆ ಹೊತ್ತಿಗೇ ನಾವು ನುಗ್ಗುವುದು.

ಗುರುವಾರ ಅಜ್ಜಿ ಎರಡೂ ಕೈಗಳನ್ನು ಸೆರಗಿನೊಳಗೆ ಬಿಗಿಯಾಗಿ ಸುತ್ತಿಕೊಂಡು ಕೂತರು. ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದರು. ಅವರು ಏಳಕ್ಕೋ ಎಂಟಕ್ಕೋ ಬರುವಷ್ಟರಲ್ಲಿ ಕೆಳಗಿನ ಗುಂಡಿ ಕಾಜಾದಲ್ಲಿ ಕೂತಿತು. ಕಾಲರ್ ಗುಂಡಿ ಕಣ್ಣಿಗೇ ಕಾಣದು, ಅದಕ್ಕೆ ಸದ್ಯ ಕೈ ಹಾಕುವುದಿಲ್ಲ.