ಟ್ವಿನ್ ವಾಸ್ಪ್ ಎಂಜಿನ್ನಿನ ಮೇಲೆ ಉಳಿದ ಗುರುತುಗಳು

2 ನವೆಂಬರ್ 2024, ಶನಿವಾರ, ಬಲಿಪಾಡ್ಯಮಿ
ಬೆಂಗಳೂರು

ಎಂಜಿನ್ನಿನ ಕೆಳಭಾಗದ ಸಿಲಿಂಡರುಗಳ ಕೆಲಸವನ್ನು ಇಂದು ಕೈಗೆತ್ತಿಕೊಂಡೆವು. ಪ್ರದರ್ಶನಕ್ಕಾಗಿ ನಾವು ಸಿದ್ಧಪಡಿಸುತ್ತಿರುವುದು ಡಕೋಟಾ ವಿಮಾನದ ಪ್ರಾಟ್ ಅಂಡ್ ವಿಟ್ನಿ ಟ್ವಿನ್ ವಾಸ್ಪ್: ಏಳೇಳರಂತೆ ಎರಡು ಸುತ್ತುಗಳಲ್ಲಿ ಕೂರಿಸಿದ 14 ಸಿಲಿಂಡರುಗಳುಳ್ಳ, ಗಾಳಿಯಿಂದಲೇ ತಣಿಯುವ, 30 ಲೀಟರ್ ಸಾಮರ್ಥ್ಯದ, ಸುಮಾರು 1,200 ಅಶ್ವಶಕ್ತಿಯ ಯಂತ್ರ. ಇಂತಹ ಎಂಜಿನ್ ಓಡದೆ ನಿಂತರೆ ಎಣ್ಣೆಯು ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿನ ಸಿಲಿಂಡರುಗಳಲ್ಲಿ ಮಡುಗಟ್ಟುತ್ತದೆ. ಎಣ್ಣೆಯು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಪಿಸ್ಟನ್ ಅದಕ್ಕೆ ಬಡಿದರೆ ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತದೆ. ಆ ಕಾಲದ ವಾಯುನೆಲೆಗಳಲ್ಲಿ ಎಂಜಿನ್ ಚಾಲೂ ಮಾಡುವ ಮುನ್ನ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ ನೋಡುತ್ತಿದ್ದುದೂ, ಎಲ್ಲಿಯಾದರೂ ತಡೆದರೆ ಬಲ ಹಾಕದೆ ಕೆಳಗಿನ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಎಣ್ಣೆಯನ್ನು ಬಸಿಯುತ್ತಿದ್ದುದೂ ಇದಕ್ಕಾಗಿಯೇ.

ನಮ್ಮೊಡನಿರುವ ನಿವೃತ್ತ ಸಾರ್ಜೆಂಟರು ಡಕೋಟಾಗಳ ಎಂಜಿನ್ ಫಿಟ್ಟರ್ ಆಗಿ ದುಡಿದವರು. ಹಬ್ಬವಾದರೂ ಬೆಳಿಗ್ಗೆಯೇ ಬಂದಿದ್ದರು. ಬಿಗಿದು ಕೂತಿದ್ದ ಪ್ಲಗ್ಗಿಗೆ ತರುಣನೊಬ್ಬ ಉದ್ದನೆಯ ಸ್ಪ್ಯಾನರ್ ಹಾಕಲು ಹೊರಟಾಗ, "ಬೇಡಪ್ಪ, ಇನ್ನಷ್ಟು ಎಣ್ಣೆ ಬಿಟ್ಟು ನಾಳೆ ನೋಡೋಣ" ಎಂದು ತಡೆದರು. ಸಿಲಿಂಡರಿನ ಅಲ್ಯೂಮಿನಿಯಂ ಹೆಡ್ಡಿನೊಳಗೆ ಪ್ಲಗ್ಗನ್ನು ಹಿಡಿದಿರುವ ಬುಷ್ ಅದರ ಜೊತೆಗೇ ಕಿತ್ತು ಬಂದರೆ ಆ ಹೆಡ್ಡನ್ನು ಸರಿಪಡಿಸುವುದು ಬಹಳ ಕಷ್ಟ. ಸಿಲಿಂಡರಿಗೆ ಎರಡರಂತೆ 28 ಪ್ಲಗ್ಗುಗಳಿವೆ, ಅವಸರಕ್ಕೆ ಎಡೆಯಿಲ್ಲ. ಹಳೆಯ ವಿಮಾನ ಪೆಟ್ರೋಲಿನ ವಿಷಕಾರಿ ಸೀಸವು ಪ್ಲಗ್ಗಿನ ತುದಿಯಲ್ಲಿ ಬೂದು ಬಣ್ಣದ ಹರಳುಗಳಾಗಿ ಅಂಟಿರುತ್ತದೆ, ಅದನ್ನು ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬಾರದು. ಎಕ್ಸಾಸ್ಟ್ ವಾಲ್ವುಗಳ ಟೊಳ್ಳಿನಲ್ಲಿ ಶಾಖವನ್ನು ಸಾಗಿಸಲೆಂದು, ನೀರು ತಾಗಿದರೆ ಉರಿದೇಳುವ ಸೋಡಿಯಂ ತುಂಬಿರುವುದರಿಂದ, ಕೆಟ್ಟ ವಾಲ್ವನ್ನೂ ಕೊಯ್ದು ನೋಡುವಂತಿಲ್ಲ.

ಜಿಡ್ಡನ್ನು ಒರೆಸಿದ ಮೇಲೆ ಒಂದು ಸಿಲಿಂಡರಿನ ಬುಡದ ಅಂಚಿನಲ್ಲಿ ತಪಾಸಣೆಯ ಪಂಚ್ ಗುರುತುಗಳು ಕಾಣಿಸಿದವು. ಅವು ಒಂದೇ ಅಳತೆಯವಲ್ಲ, ಒಂದೇ ಆಳದವೂ ಅಲ್ಲ. ಪ್ರತಿ ಓವರ್‌ಹಾಲಿನಲ್ಲೂ, ಅಂದರೆ ಎಂಜಿನ್ನನ್ನು ಪೂರ್ತಿ ಬಿಚ್ಚಿ ಸರಿಪಡಿಸುವಾಗಲೂ, ಯಾರೋ ಒಬ್ಬರು ಆ ಭಾಗವನ್ನು ಅಳೆದು, ಒಪ್ಪಿ, ತಮ್ಮ ಹೊಣೆಯನ್ನು ಲೋಹದ ಮೇಲೆ ಒತ್ತಿದ್ದಾರೆ. ವಾಯುಪಡೆಯ ಇತಿಹಾಸದಲ್ಲಿ ಪೈಲಟ್‌ಗಳ ಹೆಸರುಗಳಿವೆ, ಇರಲೇಬೇಕು. ಆದರೆ ಅವರನ್ನು ಹೊತ್ತೊಯ್ದ ಎಂಜಿನ್ನುಗಳನ್ನು ರಾತ್ರಿಯಿಡೀ ಕೂತು ಸರಿಪಡಿಸಿದವರು ಬಿಟ್ಟುಹೋದ ಸಹಿ ಇಂತಹ ಗುರುತುಗಳಲ್ಲಿ ಮಾತ್ರ ಸಿಗುತ್ತದೆ.

ಅಂತಹ ಕೆಲಸ ನಮ್ಮ ಊರಿನಲ್ಲಿಯೂ ದೊಡ್ಡ ಪ್ರಮಾಣದಲ್ಲಿ ನಡೆದಿತ್ತು. ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರ್‌ನಲ್ಲಿ ಸ್ಥಾಪಿಸಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ಉಸ್ತುವಾರಿಗೆ ಬಂದು, ಚೀನಾ, ಬರ್ಮಾ, ಭಾರತ ರಣರಂಗದ ವಿಮಾನಗಳನ್ನೂ ಎಂಜಿನ್ನುಗಳನ್ನೂ ದುರಸ್ತಿ ಮಾಡುವ ದೊಡ್ಡ ಕೇಂದ್ರವಾಯಿತು. ಡಕೋಟಾ, ಕ್ಯಾಟಲೀನಾ, ಲಿಬರೇಟರ್ ಮೂರೂ ವಿಮಾನಗಳಿಗೂ ಟ್ವಿನ್ ವಾಸ್ಪ್ ಎಂಜಿನ್ನೇ ಇದ್ದುದರಿಂದ, 1,73,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಈ ಯಂತ್ರವು ಬೆಂಗಳೂರಿನ ಕುಶಲಕರ್ಮಿಗಳಿಗೆ ಚಿರಪರಿಚಿತವಾಗಿತ್ತು.

ಎರಡನೇ ಮಹಾಯುದ್ಧದ ನಂತರ ಬ್ರಿಟಿಷರು ಕಾನ್ಪುರದಲ್ಲಿ ಲಿಬರೇಟರ್ ಬಾಂಬರುಗಳನ್ನು ಮತ್ತೆ ಹಾರದಂತೆ ಕೆಡಿಸಿ ಬಿಟ್ಟುಹೋದರು. ಎಂಜಿನ್ನುಗಳಿಗೆ ಮರಳು ಸುರಿದಿದ್ದರೆಂದೂ ಹೇಳುತ್ತಾರೆ. ಆ ಗುಜರಿ ರಾಶಿಯಿಂದ ಹಾರಬಲ್ಲವುಗಳನ್ನು ಆರಿಸಿ, ಅಲ್ಲಿಯೇ ಅಷ್ಟಿಷ್ಟು ಸರಿಪಡಿಸಿ, ಕಾರ್ಖಾನೆಯ ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಶಿಯವರು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ಣವಾಗಿ ದುರಸ್ತಿಗೊಂಡ ಆ ವಿಮಾನಗಳಿಂದಲೇ 1948ರ ನವೆಂಬರ್ 2ರಂದು, ಅಂದರೆ ಇದೇ ದಿನ, ವಾಯುಪಡೆಯ 5ನೇ ಸ್ಕ್ವಾಡ್ರನ್ ಆರಂಭವಾಯಿತು. ಅವು 1968ರವರೆಗೆ ಸೇವೆಯಲ್ಲಿದ್ದವು. ಇಂದು ಬ್ರಿಟನ್, ಅಮೆರಿಕಗಳ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಲಿಬರೇಟರ್‌ಗಳಲ್ಲಿ ಹಲವು ಹೀಗೆ ಬೆಂಗಳೂರಿನಲ್ಲಿ ಮರುಜನ್ಮ ಪಡೆದವೇ.

ಸಾರ್ಜೆಂಟರಿಗೆ ಡಕೋಟಾದ ಮೇಲೆಯೇ ಹೆಚ್ಚು ಅಕ್ಕರೆ. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರಕ್ಕೆ ಇಳಿಸಿದ್ದೂ, 1948ರ ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಅವರು ನಮ್ಮ ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯನವರನ್ನು ಕರೆದುಕೊಂಡು ಹನ್ನೊಂದು ಸಾವಿರ ಅಡಿಗೂ ಮೇಲಿರುವ ಲೇಹ್‌ನಲ್ಲಿ ಮೊದಲ ಬಾರಿಗೆ ಇಳಿದದ್ದೂ ಈ ವಿಮಾನದಲ್ಲಿಯೇ. ತೆಳುವಾದ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ, ಲಿಬರೇಟರ್‌ಗಿದ್ದ ಟರ್ಬೊ ವ್ಯವಸ್ಥೆ ಡಕೋಟಾಕ್ಕಿರಲಿಲ್ಲ. ಅಷ್ಟು ತೆಳುವಾದ ಗಾಳಿಯಲ್ಲಿ ಎಂಜಿನ್ ತನ್ನ ಶಕ್ತಿಯ ಗಣನೀಯ ಭಾಗವನ್ನು ಕಳೆದುಕೊಂಡಿರುತ್ತದೆ. ಆ ದಿನ ಎರಡೂ ಎಂಜಿನ್ನುಗಳು ತಪ್ಪದೆ ನಡೆದವೆಂದರೆ ಅದರ ಹಿಂದೆ ನೆಲದ ಮೇಲಿನವರ ಶ್ರದ್ಧೆಯಿತ್ತು.

ಮಧ್ಯಾಹ್ನ ಬಣ್ಣದ ಚರ್ಚೆ ಮತ್ತೆ ಎದ್ದಿತು. ಎಲ್ಲವನ್ನೂ ಸ್ಯಾಂಡ್‌ಬ್ಲಾಸ್ಟ್ ಮಾಡಿ ಹೊಸ ಬೂದು ಬಣ್ಣ ಬಳಿದರೆ ನೋಡುವವರಿಗೆ ಮೆಚ್ಚುಗೆಯಾದೀತೆಂದು ಕೆಲವರ ವಾದ. ನಾನು ಒಪ್ಪಲಿಲ್ಲ. ಮರಳಿನ ಹೊಡೆತಕ್ಕೆ ತುಕ್ಕು ಹೋಗುವಂತೆ ಪಂಚ್ ಗುರುತುಗಳ ಅಂಚೂ ಮಾಸುತ್ತದೆ, ಸಿಲಿಂಡರನ್ನು ತಣಿಸುವ ತೆಳುವಾದ ಫಿನ್ನುಗಳು ಸವೆಯುತ್ತವೆ; ಅನಂತರ ಉಳಿಯುವುದು ಎಂಜಿನ್ನಿನ ಆಕಾರ ಮಾತ್ರ. ಕೊನೆಗೆ ಸಾರ್ಜೆಂಟರೂ ನನ್ನ ಪರವಾಗಿ ಮಾತನಾಡಿದ್ದರಿಂದ, ತುಕ್ಕನ್ನು ಕೈಯಿಂದಲೇ ತೆಗೆದು, ಮೂಲ ಬಣ್ಣ ಇರುವಲ್ಲಿ ಅದನ್ನೇ ಮೇಣದಿಂದ ಕಾಪಾಡಿ, ಗುರುತಿರುವ ಪ್ರತಿ ಅಂಚನ್ನೂ ಮೊದಲು ಛಾಯಾಚಿತ್ರ ತೆಗೆದು ದಾಖಲಿಸಬೇಕೆಂದು ನಿಶ್ಚಯವಾಯಿತು. ಪ್ರದರ್ಶನ ಫಲಕದಲ್ಲಿ ಆ ಛಾಯಾಚಿತ್ರಗಳನ್ನು ಅಶ್ವಶಕ್ತಿಯ ವಿವರಕ್ಕಿಂತ ಮೇಲೆ ಹಾಕಬೇಕೆಂಬ ನನ್ನ ಕೋರಿಕೆಯನ್ನೂ ಎಲ್ಲರೂ ಒಪ್ಪಿದ್ದಾರೆ.